ಕೋಲ್‌ಬರ್ಗ್ ಮೊಬೈಲ್ ಬಗ್ಗೆ ಹೇಳಿಯೇ ಇಲ್ಲ

'ಮೊಬೈಲ್ ಹಿಡಿದ ಮಕ್ಕಳ ನೈತಿಕ ಬೆಳವಣಿಗೆ ಎರಡನೇ ಹಂತದಲ್ಲೇ ನಿಲ್ಲುತ್ತದೆ, ಮನಶ್ಶಾಸ್ತ್ರಜ್ಞ ಲಾರೆನ್ಸ್ ಕೋಲ್‌ಬರ್ಗ್ ಸಾಬೀತು ಮಾಡಿದ್ದಾರೆ.' ಮಡಿಕೇರಿಯ ನಮ್ಮ ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಓಡಾಡುತ್ತಿರುವ ಈ ಸಂದೇಶ ಸುಳ್ಳು.

ಕೋಲ್‌ಬರ್ಗ್ ತೀರಿಕೊಂಡಿದ್ದು 1987ರಲ್ಲಿ. ಆಗ ಕೊಡಗಿನ ತೋಟದ ಮನೆಗಳಲ್ಲಿ ಲ್ಯಾಂಡ್‌ಲೈನೇ ಅಪರೂಪ, ಇನ್ನು ಮೊಬೈಲ್ ಎಲ್ಲಿಂದ ಬಂತು?

1958ರ ತಮ್ಮ ಪಿಎಚ್‌.ಡಿ. ಪ್ರಬಂಧಕ್ಕೆ ಅವರು ಮಾತಾಡಿಸಿದ್ದು ಷಿಕಾಗೋ ಕಡೆಯ 72 ಹುಡುಗರನ್ನು. ಸಾಯುತ್ತಿರುವ ಹೆಂಡತಿಗಾಗಿ ಗಂಡ ಔಷಧಿ ಕದಿಯಬಹುದೇ ಎಂದು ಕೇಳಿದರು. ಕದಿಯಬೇಕೋ ಬೇಡವೋ ಅನ್ನೋದಕ್ಕಿಂತ, ಯಾಕೆ ಅನ್ನೋದೇ ಅವರಿಗೆ ಮುಖ್ಯ. ಆ ಕಾರಣಗಳನ್ನು ವಿಂಗಡಿಸಿದಾಗ ಸಿಕ್ಕಿದ್ದೇ ಆರು ಹಂತಗಳು. ಎರಡನೆಯದು 'ನನಗೇನು ಲಾಭ' ಎಂಬ ಲೆಕ್ಕ. ಚಿಕ್ಕ ಮಕ್ಕಳಲ್ಲಿ ಅದು ಸಹಜ. ಹುಡುಗಿಯರನ್ನು ಕೇಳಲೇ ಇಲ್ಲ ಅಲ್ವಾ ಎಂದು ಮನಶ್ಶಾಸ್ತ್ರಜ್ಞೆ ಕ್ಯಾರಲ್ ಗಿಲ್ಲಿಗನ್ 1982ರಲ್ಲಿ ತಕರಾರು ತೆಗೆದರು, ಸರಿಯಾಗಿಯೇ.

ಮಗು ಜಾಸ್ತಿ ಮೊಬೈಲ್ ನೋಡಿದರೆ ಬೈಯಿರಿ, ನಿಮ್ಮಿಷ್ಟ. ಕೋಲ್‌ಬರ್ಗ್ ಹೆಸರನ್ನು ಮಾತ್ರ ಸುಮ್ನೆ ಎಳೆಯಬೇಡಿ.