ಬಾಟಲಿಯ ಬೆನ್ನ ಮೇಲಿನ ಮಹಾಕಾವ್ಯ

ರೆಡ್ ವೈನ್ ಬಾಟಲಿಯ ಹಿಂಬದಿ ಲೇಬಲ್ ಓದಿದ್ದೀರಲ್ಲ? ಹಳೆಯ ಚರ್ಮ, ತಂಬಾಕು, ಪೆನ್ಸಿಲ್ ಕೆತ್ತಿದ ಪುಡಿ, ಮಳೆಗೆ ತೊಯ್ದ ಕಾಡಿನ ನೆಲ. ದ್ರಾಕ್ಷಿ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಇದೆ. ಇದನ್ನು ಅತಿಥಿಗಳಿಗೆ ಬಡಿಸುವುದೋ, ಚಪ್ಪಲಿಗೆ ಪಾಲಿಶ್ ಹಾಕುವುದೋ ಎಂದು ಹೊಸಬ ತಲೆ ಕೆರೆದುಕೊಳ್ಳಬೇಕು.

ಅವನಿಗೆ ಬೇಕಾದ ಸಂಗತಿ ಒಂದೇ: ಬಾಯಿ ಎಷ್ಟು ಒಗರಾಗುತ್ತದೆ? ಅದು ಮಾತ್ರ ಕಾವ್ಯದಲ್ಲಿಲ್ಲ. ಒಗರು ಅಂದರೆ ಪಂಡಿತರಿಗೆ ಮರ್ಯಾದೆ ಕಡಿಮೆ, 'ಟ್ಯಾನಿನ್ ಸ್ಟ್ರಕ್ಚರ್' ಅನ್ನಬೇಕು. ಸಿಪ್ಪೆ, ಬೀಜಗಳಿಂದ ಬರುವ ಟ್ಯಾನಿನ್ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ನಾಲಗೆಯನ್ನು ಒಣಗಿಸುತ್ತದೆ, ಅಷ್ಟೆ. ದ್ರಾಕ್ಷಿ ತಳಿಗಳ ಪೈಕಿ ಕ್ಯಾಬರ್ನೆ ಸೋವಿನ್ಯೋನ್‌ನಲ್ಲಿ ಅದು ಜೋರು. ಮೆರ್ಲೋ, ಗ್ರೆನಾಶ್ ಸೌಮ್ಯ. ಗಾಮೇ ಇನ್ನೂ ಹಗುರ. ರೂಢಿಯಿಲ್ಲದ ಅತಿಥಿಗಳಿಗೆ ಈ ಕೊನೆಯ ಮೂರರಲ್ಲಿ ಯಾವುದಾದರೂ ನಡೆದೀತು. ಅಗ್ಗದ ಪಿನೋ ನ್ವಾರ್ ಮಾತ್ರ ಹೆಚ್ಚಿನ ಸಲ ನೀರುನೀರು.

ಇನ್ನು 'ರಿಸರ್ವ್' ಎಂಬ ಚಿನ್ನದಕ್ಷರ. ಸ್ಪೇನಿನಲ್ಲಿ ರೆಡ್ ವೈನಿಗೆ 'ರೆಸೆರ್ವಾ' ಎನ್ನಲು ಕನಿಷ್ಠ 3 ವರ್ಷ ಮಾಗಬೇಕು, ಅದರಲ್ಲಿ 1 ವರ್ಷ ಪೀಪಾಯಿಯಲ್ಲಿ. ಅಮೆರಿಕದ ಫೆಡರಲ್ ಕಾನೂನಿನಲ್ಲಿ ಆ ಪದಕ್ಕೆ ವ್ಯಾಖ್ಯೆಯೇ ಇಲ್ಲ. ಯಾರು ಬೇಕಾದರೂ ತಮಗೆ ತಾವೇ ಕೊಟ್ಟುಕೊಳ್ಳಬಹುದಾದ ಗೌರವ ಡಾಕ್ಟರೇಟು ಅದು.

ಫ್ರಾನ್ಸಿನ ಬೋರ್ಡೋದಲ್ಲಿ ಒಂದು ಪ್ರಯೋಗ ನಡೆಯಿತು, 2001ರಲ್ಲಿ ಪ್ರಕಟವಾದದ್ದು. ಬಿಳಿ ವೈನಿಗೆ ರುಚಿಯಿಲ್ಲದ ಕೆಂಪು ಬಣ್ಣ ಬೆರೆಸಿ ವೈನ್‌ಶಾಸ್ತ್ರದ 54 ವಿದ್ಯಾರ್ಥಿಗಳ ಮುಂದಿಟ್ಟರು. ಅವರು ಗಂಭೀರವಾಗಿ ಮೂಸಿ, ರೆಡ್ ವೈನಿಗೆ ಹೇಳುವ ಪದಗಳನ್ನೇ ಹೇಳಿದರು. ಪಾಪ, ಬೈಯಬೇಡಿ. ಮೂಗು ಬಾಯಿಬಿಡುವ ಮೊದಲೇ ಕಣ್ಣು ಉತ್ತರ ಬರೆದುಕೊಟ್ಟಿತ್ತು. ಶಾಸ್ತ್ರ ಓದಿದವರದೇ ಈ ಪಾಡು, ಆದರೂ ಕಾಡಿನ ನೆಲದ ವಾಸನೆ ಸಿಗಲಿಲ್ಲವೆಂದು ನಾಚಿಕೊಳ್ಳಬೇಕಾದವನು ಹೊಸಬ!

ಸಾಕು, ಪಂಡಿತರೇ, ಸಾಕು. ನಾಲ್ಕು ಜನರನ್ನು ಊಟಕ್ಕೆ ಕರೆದವನಲ್ಲಿ ಅವಮಾನದ ಹೆದರಿಕೆ ಬಿತ್ತಿ, ಆ ಹೆದರಿಕೆಗೇ ಬೆಲೆ ಕಟ್ಟಿ ಮಾರುತ್ತೀರಿ. ಇದಕ್ಕೆ ಸಂಸ್ಕೃತಿ ಅಂತ ಬೇರೆ ಹೆಸರು.

ಹೆಸರಿಟ್ಟವರೇ 'ರೂಮ್ ಟೆಂಪರೇಚರ್' ಅಂತಲೂ ಉಪದೇಶಿಸುತ್ತಾರೆ. ಯಾರ ರೂಮು? 28 ಡಿಗ್ರಿಯಲ್ಲಿ ಸುರಿದರೆ ಮೊದಲು ಮೂಗಿಗೆ ಹೊಡೆಯುವುದು ಆಲ್ಕೋಹಾಲು. 15ರಿಂದ 18 ಡಿಗ್ರಿ ಸಾಕು. ಸೆಕೆ ಇದ್ದರೆ ಅರ್ಧ-ಮುಕ್ಕಾಲು ಗಂಟೆ ಫ್ರಿಜ್ಜಿನಲ್ಲಿಡಿ. ರಾತ್ರಿಯಿಡೀ ಇಟ್ಟರೆ ಸುವಾಸನೆ ಮುದುಡಿ ಒಗರು ಎದ್ದು ಕಾಣುತ್ತದೆ.

ತಿರುಗಿಸುವ ಮುಚ್ಚಳ ಕಂಡರೆ ಮೂಗು ಮುರಿಯುವವರಿದ್ದಾರೆ. ಒದ್ದೆ ರಟ್ಟಿನ ವಾಸನೆ ತರುವ ಟಿಸಿಎ ಎಂಬ ಪೀಡೆ ಹೆಚ್ಚಾಗಿ ಬರುವುದು ಅವರ ಪ್ರೀತಿಯ ಕಾರ್ಕಿನಿಂದಲೇ. ಎಷ್ಟು ಗಾಳಿಯಾಡಿಸಿದರೂ ಅದು ಹೋಗದು. ಮೊದಲು ಒಂದು ಗುಟುಕು ಸುರಿದು ನೋಡುವುದು ಇಂಥ ದೋಷ ಹಿಡಿಯಲಿಕ್ಕೆ. ಕವಿಗೋಷ್ಠಿ ಆಮೇಲೆ ಸೇರಿಕೊಂಡದ್ದು.

750 ಮಿಲಿಲೀಟರ್ ಬಾಟಲಿಯಲ್ಲಿ 150ರಂತೆ 5 ಗ್ಲಾಸು. ಕುಡಿಯುವವರು ಆರು ಜನ, ತಲಾ ಎರಡು ಗ್ಲಾಸು ಎಂದರೆ 3 ಬಾಟಲಿ. ಗ್ಲಾಸಿನ ಮೂರನೇ ಒಂದು ಭಾಗದಷ್ಟೇ ಸುರಿಯಿರಿ. ಉಳಿದದ್ದಕ್ಕೆ ಮುಚ್ಚಳ ಬಿಗಿದು ಫ್ರಿಜ್ಜಿನಲ್ಲಿಟ್ಟರೆ ಮೂರು ದಿನ ಕೆಡದು.

ಅಷ್ಟರಲ್ಲಿ ಒಬ್ಬರು ಗ್ಲಾಸು ಎತ್ತಿ, ಕಣ್ಣು ಕಿರಿದು ಮಾಡಿ, "ಎಷ್ಟು ಹಳೆಯದು?" ಎಂದು ಕೇಳಿಯೇ ಕೇಳುತ್ತಾರೆ. ಸಾಧಾರಣ ಬೆಲೆಯ ವೈನುಗಳನ್ನು ಮಾಡುವುದೇ ಎರಡು-ಮೂರು ವರ್ಷದೊಳಗೆ ಕುಡಿದು ಮುಗಿಸಲಿಕ್ಕೆ. "ಹೊಸದೇ ಸ್ವಾಮಿ, ಅದಕ್ಕೇ ಕೊಂಡದ್ದು" ಎಂದು ಹೇಳಿ, ಬಾಟಲಿಯನ್ನು ಪಕ್ಕದವರ ಕಡೆ ದಾಟಿಸಿ.