6/6 ಎಂದು ಬರೆದುಕೊಟ್ಟರೆ ಮುಗಿಯಿತೇ?

"ನಿಮ್ಮ ಕಣ್ಣಿಗೆ ಏನೂ ಆಗಿಲ್ಲ" ಎಂಬ ಮಾತನ್ನು ಇನ್ನೊಂದು ಸಲ ಕೇಳಿಸಿಕೊಳ್ಳುವ ತಾಳ್ಮೆ ನನ್ನಲ್ಲಿ ಉಳಿದಿಲ್ಲ. ಕಣ್ಣಾಸ್ಪತ್ರೆಯ ಚೀಟಿಯಲ್ಲಿ ಎರಡೂ ಕಣ್ಣುಗಳ ಮುಂದೆ 6/6, ಅಂದರೆ ನೋಟ ಪೂರ್ತಿ ಸರಿಯಿದೆ, ಎಂದು ಬರೆದು, ಕಣ್ಣು ಒಣಗದಿರಲೆಂದು ಒಂದು ಬಾಟಲಿ ಡ್ರಾಪ್ಸ್ ಸೂಚಿಸಿ, "ಟೆನ್ಷನ್ ಮಾಡ್ಕೋಬೇಡಿ, ಚೆನ್ನಾಗಿ ನಿದ್ದೆ ಮಾಡಿ" ಎಂದು ಕಳುಹಿಸಿಬಿಡುತ್ತಾರೆ. ಆ ಚೀಟಿ ಹಿಡಿದು ಹೊರಗೆ ಬಂದಾಗಲೂ ಎದುರಿನ ಗೋಡೆಯ ಮೇಲೆ, ಆಕಾಶದಲ್ಲಿ, ನನ್ನದೇ ಅಂಗೈಯ ಮೇಲೆ ಲೆಕ್ಕವಿಲ್ಲದಷ್ಟು ಚುಕ್ಕೆಗಳು ಗಿಜಿಗುಡುತ್ತಲೇ ಇರುತ್ತವೆ.

ನನಗಿರುವುದು ವಿಷುಯಲ್ ಸ್ನೋ ಸಿಂಡ್ರೋಮ್. ಹಿಂದೆ ಆಂಟೆನಾ ತಿರುಗಿಹೋದಾಗ ಟೀವಿಯ ಪರದೆಯ ತುಂಬ ಕಪ್ಪು ಬಿಳಿ ಚುಕ್ಕೆಗಳು ಕುದಿಯುತ್ತಿದ್ದವಲ್ಲ, ಅಂಥದ್ದೊಂದು ತೆಳುವಾದ ಪದರ ನಾನು ನೋಡುವ ಪ್ರತಿಯೊಂದರ ಮೇಲೂ ಹಗಲಿರುಳು ಹರಡಿಕೊಂಡಿರುತ್ತದೆ. ಕಣ್ಣು ಮುಚ್ಚಿದರೂ ಅದು ನಿಲ್ಲುವುದಿಲ್ಲ, ದೀಪ ಆರಿಸಿದರೆ ಇನ್ನೂ ಹೆಚ್ಚಾಗುತ್ತದೆ. ಕಷ್ಟ ಚುಕ್ಕೆಗಳಿಗೇ ಮುಗಿದಿದ್ದರೆ ಹೇಗೋ ಹೊಂದಿಕೊಳ್ಳುತ್ತಿದ್ದೆನೇನೋ. ನಾನು ಮಾಡುವುದು ಲೆಕ್ಕಪತ್ರದ ಕೆಲಸ. ಎಕ್ಸೆಲ್ ಹಾಳೆಯ ಗೆರೆಗಳನ್ನು ಸ್ವಲ್ಪ ಹೊತ್ತು ನೋಡಿ ತಲೆಯೆತ್ತಿದರೆ ಅದೇ ಚೌಕಗಳ ಪಡಿಯಚ್ಚು ಎದುರಿಗಿರುವವರ ಮುಖದ ಮೇಲೆ ಕೂತಿರುತ್ತದೆ. ಮೌಸ್ ಸರಿಸಿದರೆ ಬಾಣದ ಗುರುತು ತನ್ನ ಹಿಂದೆ ಬಾಲವನ್ನು ಎಳೆದುಕೊಂಡು ಹೋಗುತ್ತದೆ, ಅದು ನಿಜವಾಗಿ ಯಾವ ಅಂಕಣದ ಮೇಲೆ ನಿಂತಿದೆ ಎಂದು ತಿಳಿಯಲು ನಾನು ಒಂದು ಕ್ಷಣ ಕಾಯಬೇಕಾಗುತ್ತದೆ. ಜೊತೆಗೆ ಕಿವಿಯೊಳಗೆ ಬಿಡದೆ ಗುಂಯ್‌ಗುಡುವ ಸದ್ದು ಬೇರೆ. ಈ ಕಾಯಿಲೆಯಿರುವ ಬಹಳ ಜನರಿಗೆ ಅದೂ ಇರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ನನ್ನನ್ನು ಕೂರಿಸುವುದು ಅದೇ ಅಕ್ಷರಗಳ ಫಲಕದ ಎದುರಿಗೆ. ಡಚ್ ವೈದ್ಯ ಹರ್ಮನ್ ಸ್ನೆಲೆನ್ 1862ರಲ್ಲಿ ರೂಪಿಸಿದ ಆ ಫಲಕ ಕೇಳುವುದು ಒಂದೇ ಪ್ರಶ್ನೆ: ಆರು ಮೀಟರ್ ದೂರದಿಂದ ಎಷ್ಟು ಚಿಕ್ಕ ಅಕ್ಷರವನ್ನು ನೀನು ಓದಬಲ್ಲೆ? ನಾನು ಕೊನೆಯ ಸಾಲನ್ನೂ ಓದುತ್ತೇನೆ, ಚುಕ್ಕೆಗಳ ನಡುವೆಯೇ ಓದುತ್ತೇನೆ. ಆದರೆ ನನಗೂ ಆ ಅಕ್ಷರಕ್ಕೂ ನಡುವೆ ಏನು ಕಾಣುತ್ತಿದೆ ಎಂದು ಕೇಳುವ ಪರೀಕ್ಷೆ ಆ ಕೋಣೆಯಲ್ಲಿ ಯಾವುದೂ ಇಲ್ಲ. ಪಾಪೆ ಹಿಗ್ಗಿಸಿ ಅಕ್ಷಿಪಟಲ ನೋಡಿದರು, ಅಕ್ಷಿಪಟಲದ ಪದರಗಳನ್ನು ತೋರಿಸುವ ಒಸಿಟಿ ಸ್ಕ್ಯಾನ್ ಮಾಡಿದರು, ದೃಷ್ಟಿಕ್ಷೇತ್ರ ಅಳೆದರು, ಕೊನೆಗೆ ತಲೆಯ ಎಂಆರ್‌ಐ ಕೂಡ ಆಯಿತು. ಎಲ್ಲದರಲ್ಲೂ ನಾರ್ಮಲ್. ಪ್ರತಿ ವರದಿ ಬಂದಾಗಲೂ ವೈದ್ಯರ ಮುಖದಲ್ಲಿ ನನ್ನ ಮಾತಿನ ಮೇಲಿದ್ದ ನಂಬಿಕೆ ಒಂದಿಷ್ಟು ಕಡಿಮೆಯಾಗುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನನ್ನ ಸಿಟ್ಟಿನ ಮೂಲ ಇಲ್ಲಿದೆ. ವರದಿಗಳೆಲ್ಲ ನಾರ್ಮಲ್ ಬರುವುದು ಈ ಕಾಯಿಲೆಯನ್ನು ಅಲ್ಲಗಳೆಯುವುದಿಲ್ಲ, ಅದನ್ನು ಗುರುತಿಸಲು ಬೇಕಾದ ಷರತ್ತುಗಳಲ್ಲಿ ಅದೂ ಒಂದು. ನರರೋಗ ತಜ್ಞರಾದ ಕ್ರಿಸ್ಟೋಫ್ ಶಾಂಕಿನ್, ಪೀಟರ್ ಗೋಡ್ಸ್‌ಬಿ ಮತ್ತವರ ಸಂಗಡಿಗರು 2014ರಲ್ಲಿ 'ಬ್ರೇನ್' ಎಂಬ ವೈದ್ಯಕೀಯ ನಿಯತಕಾಲಿಕದಲ್ಲಿ ಈ ಷರತ್ತುಗಳನ್ನು ಸ್ಪಷ್ಟವಾಗಿ ಬರೆದಿಟ್ಟಿದ್ದಾರೆ. ನೋಟದ ತುಂಬ ಚಲಿಸುವ ಚುಕ್ಕೆಗಳು ಮೂರು ತಿಂಗಳಿಗೂ ಹೆಚ್ಚು ಕಾಲ ಬಿಡದೆ ಕಾಣಿಸಬೇಕು. ನೋಡಿದ್ದರ ಪಡಿಯಚ್ಚು ಉಳಿಯುವುದು, ಕಣ್ಣಿನೊಳಗಿನದೇ ಎಳೆಗಳೂ ಮಿಂಚುಗಳೂ ಅತಿಯಾಗಿ ಕಾಣುವುದು, ಬೆಳಕನ್ನು ಸಹಿಸಲಾಗದಿರುವುದು, ಇರುಳಿನಲ್ಲಿ ಸರಿಯಾಗಿ ಕಾಣದಿರುವುದು, ಈ ನಾಲ್ಕರಲ್ಲಿ ಕನಿಷ್ಠ ಎರಡು ಇರಬೇಕು. ಮೈಗ್ರೇನ್ ತಲೆನೋವಿಗೆ ಮುನ್ನ ಸ್ವಲ್ಪ ಹೊತ್ತು ಕಾಣುವ, ಔರಾ ಎಂದು ಕರೆಯುವ ಮಿನುಗು ಗೆರೆಗಳಂತೆ ಇರಬಾರದು, ಬೇರೆ ಯಾವ ಕಾಯಿಲೆಯಿಂದಲೂ ಇದನ್ನು ವಿವರಿಸಲು ಆಗಬಾರದು. ಅದೇ ತಂಡ ಮಾಡಿದ ಪೆಟ್ ಸ್ಕ್ಯಾನ್ ಅಧ್ಯಯನದಲ್ಲಿ ಮಿದುಳಿನ ಹಿಂಭಾಗದಲ್ಲಿರುವ, ನೋಟವನ್ನು ಸಂಸ್ಕರಿಸುವ ಲಿಂಗ್ವಲ್ ಗೈರಸ್ ಎಂಬ ಭಾಗ ಅತಿಯಾಗಿ ಚಟುವಟಿಕೆಯಿಂದಿರುವುದು ಕಂಡುಬಂತು. 2018ರ ತಲೆನೋವುಗಳ ಅಂತರರಾಷ್ಟ್ರೀಯ ವರ್ಗೀಕರಣದ ಅನುಬಂಧದಲ್ಲೂ ಇದಕ್ಕೆ ಜಾಗ ಸಿಕ್ಕಿದೆ. ತೊಂದರೆ ಮಿದುಳು ನೋಟವನ್ನು ಸಂಸ್ಕರಿಸುವ ಹಂತದಲ್ಲಿರುವಾಗ ಕಣ್ಣಿನ ಫೋಟೋದಲ್ಲಿ ಏನು ಸಿಕ್ಕೀತು? ಇಷ್ಟನ್ನು ಒಬ್ಬ ರೋಗಿ ತಾನೇ ಹುಡುಕಿ ಓದಿಕೊಂಡು ಹೋಗಿ ಹೇಳಿದರೆ, "ಗೂಗಲ್ ನೋಡ್ಕೊಂಡು ಬರಬೇಡಿ" ಎಂದು ಗದರಿಸುತ್ತಾರೆ.

ನರರೋಗ ತಜ್ಞರೊಬ್ಬರು ಯಾವುದಾದರೂ ಮಾದಕವಸ್ತುವಿನ ಅಭ್ಯಾಸವಿದೆಯೇ ಎಂದು ಕೇಳಿದರು. ಆ ಪ್ರಶ್ನೆ ತಪ್ಪಲ್ಲ. ಕೆಲವು ಭ್ರಮಾಕಾರಕ ವಸ್ತುಗಳನ್ನು ಸೇವಿಸಿದವರಿಗೂ ಇಂಥದ್ದೇ ಚುಕ್ಕೆಗಳು ಉಳಿದುಬಿಡುತ್ತವೆ, ಆದ್ದರಿಂದ ಕೇಳಲೇಬೇಕು. ಆದರೆ ಇಲ್ಲವೆಂದು ಹೇಳಿದ ಮೇಲೂ, ಪಕ್ಕದಲ್ಲಿ ಕೂತಿದ್ದ ಅಮ್ಮನ ಕಡೆ ತಿರುಗಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದ್ದನ್ನು ನಾನು ಕ್ಷಮಿಸಲಾರೆ.

ಮನೆಯವರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಅಮ್ಮ ಹೊನಗೊನೆ ಸೊಪ್ಪಿನ ಪಲ್ಯ ಮಾಡಿ ಬಡಿಸಿದರು, ನಂದಿಬಟ್ಟಲ ಹೂವನ್ನು ನೀರಲ್ಲಿ ನೆನೆಸಿ ಕಣ್ಣ ಮೇಲಿಟ್ಟರು, ದೃಷ್ಟಿಯನ್ನೂ ತೆಗೆದರು. ಅವರು ನನ್ನ ಮಾತನ್ನು ನಂಬಿದ್ದರಿಂದಲೇ ಇದನ್ನೆಲ್ಲ ಮಾಡಿದರು. ಸಿಟ್ಟು ಬರುವುದು "ನಮಗೂ ಒಂದೊಂದ್ಸಲ ಹಂಗೇ ಕಾಣುತ್ತೆ ಬಿಡಿ" ಎನ್ನುವವರ ಮೇಲೆ. ಥಟ್ಟನೆ ಎದ್ದು ನಿಂತಾಗ ಕಣ್ಣಿಗೆ ಕತ್ತಲು ಕಟ್ಟುವುದಕ್ಕೂ ಎಚ್ಚರವಾಗಿರುವ ಪ್ರತಿ ಕ್ಷಣವೂ ಹೀಗೇ ಕಾಣುವುದಕ್ಕೂ ಅವರಿಗೆ ವ್ಯತ್ಯಾಸವೇ ಇಲ್ಲ.

ಸಂಜೆಯ ನಂತರ ಗಾಡಿ ಓಡಿಸುವುದನ್ನು ನಾನು ಬಿಟ್ಟಿದ್ದೇನೆ. ಹೈಬೀಮ್ ಹಾಕಿಕೊಂಡು ಎದುರಿಗೆ ಬರುವ ಲಾರಿಯ ಎಲ್‌ಇಡಿ ದೀಪ ದಾಟಿಹೋದ ಮೇಲೂ ರಸ್ತೆಯ ನಡುವೆಯೇ ಉಳಿದಿರುತ್ತದೆ, ಅದರ ಹಿಂದೆ ಮನುಷ್ಯ ನಿಂತಿದ್ದಾನೋ ಹಸು ನಿಂತಿದೆಯೋ ತಿಳಿಯುವುದಿಲ್ಲ. ಇದನ್ನು ನೆಪ ಎಂದು ಕರೆಯುವವರು ಒಂದು ರಾತ್ರಿ ನನ್ನ ಹಿಂದೆ ಕೂತು ಬರಲಿ.

ಕಚೇರಿಯಲ್ಲಿ ನಾನು ಕೇಳಿದ್ದು ಬಹಳ ಸಣ್ಣದು: ನನ್ನ ತಲೆಯ ಮೇಲಿನ ಟ್ಯೂಬ್‌ಲೈಟ್ ತೆಗೆಸಿ, ಇಲ್ಲವೇ ಕಿಟಕಿಯ ಹತ್ತಿರದ ಮೇಜಿಗೆ ಬದಲಾಯಿಸಿ. ಅದಕ್ಕೆ ಸರ್ಟಿಫಿಕೇಟ್ ತನ್ನಿ ಎಂದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಮಂದದೃಷ್ಟಿ ಇದೆ ನಿಜ, ಆದರೆ ಅದನ್ನು ಅಳೆಯುವುದು ಮತ್ತೆ ಆ ಫಲಕದಿಂದಲೇ. ಕನ್ನಡಕ ಹಾಕಿದ ಮೇಲೂ ಎರಡರಲ್ಲಿ ಉತ್ತಮವಾದ ಕಣ್ಣಿನ ನೋಟ 6/18ಕ್ಕಿಂತ ಚೆನ್ನಾಗಿರಬಾರದು, ಇಲ್ಲವೇ ನೋಟದ ಹರವು 40 ಡಿಗ್ರಿಗಿಂತ ಕಿರಿದಾಗಿರಬೇಕು. ನನ್ನದು ಎರಡರಲ್ಲೂ ಪೂರ್ಣ ಅಂಕ. ನನಗೆ ಆ ಕಾಯ್ದೆಯ ಪಟ್ಟಿಯಲ್ಲಿ ಜಾಗ ಬೇಕೆಂದು ನಾನು ಕೇಳುತ್ತಿಲ್ಲ. ನನಗಿರುವ ತೊಂದರೆಯನ್ನು ಲೆಟರ್‌ಹೆಡ್ಡಿನ ಮೇಲೆ ಎರಡು ಸಾಲು ಬರೆದುಕೊಡಿ ಎಂದು ವೈದ್ಯರನ್ನು ಬೇಡಿದರೆ, "ರಿಪೋರ್ಟ್ ನಾರ್ಮಲ್ ಇರುವಾಗ ಹೇಗೆ ಬರೆಯೋದು?" ಎನ್ನುತ್ತಾರೆ. ಕಚೇರಿ ವೈದ್ಯರತ್ತ ತೋರಿಸುತ್ತದೆ, ವೈದ್ಯರು ವರದಿಯತ್ತ ತೋರಿಸುತ್ತಾರೆ, ಟ್ಯೂಬ್‌ಲೈಟ್ ಉರಿಯುತ್ತಲೇ ಇದೆ.

ಇದನ್ನು ಖಂಡಿತವಾಗಿ ವಾಸಿಮಾಡುವ ಔಷಧ ಇಲ್ಲವೆಂದು ನನಗೆ ಗೊತ್ತು. ಫಿಟ್ಸ್‌ಗೆ ಕೊಡುವ ಲ್ಯಾಮೋಟ್ರಿಜಿನ್ ಮಾತ್ರೆಯಿಂದ ಕೆಲವೇ ಕೆಲವರಿಗೆ ಅಷ್ಟಿಷ್ಟು ಗುಣವಾಗಿದೆ, ಬಣ್ಣದ ಗಾಜಿನ ಕನ್ನಡಕದಿಂದ ಕೆಲವರಿಗೆ ಬೆಳಕಿನ ಚುಚ್ಚು ಕಡಿಮೆಯಾಗುತ್ತದೆ. ಹಾಗಾಗಿ ಪವಾಡ ಮಾಡಿ ಎಂದು ನಾನು ಯಾರನ್ನೂ ಕೇಳುತ್ತಿಲ್ಲ. ನಾನು ಹೇಳಿದ್ದನ್ನು ಹೇಳಿದ ಹಾಗೆಯೇ ಕೇಸ್‌ಶೀಟಿನಲ್ಲಿ ಬರೆಯಿರಿ, 6/6ರ ಕೆಳಗೆ ಜಾಗವಿದೆ. ಈ ಕಾಯಿಲೆಯ ಹೆಸರು ನಿಮಗೆ ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದೇ ಹೇಳಿ, ಗೊತ್ತಿರುವವರ ಹತ್ತಿರ ಕಳುಹಿಸಿ. "ಏನೂ ಆಗಿಲ್ಲ" ಎಂದು ಮಾತ್ರ ಬರೆಯಬೇಡಿ, ಏಕೆಂದರೆ ನೀವು ಬರೆದ ಆ ಎರಡು ಪದಗಳನ್ನು ಮುಂದಿಟ್ಟುಕೊಂಡೇ ನನ್ನ ಅರ್ಜಿಯನ್ನು ವಾಪಸ್ ಕಳಿಸಿದ್ದಾರೆ.