ಥಿಂಫುವಿನಲ್ಲಿ ಅಡಿಕೆ ಸೊಕ್ಕಿದ್ದು

ಗಂಡಸರಿಗೆ ಐವತ್ತು ದಾಟಿದ ಮೇಲೆ ಒಂದೊಂದು ಚಟ ಅಂಟಿಕೊಳ್ಳುತ್ತದೆ. ಕೆಲವರಿಗೆ ಸೈಕಲ್, ಕೆಲವರಿಗೆ ಸಿರಿಧಾನ್ಯ. ನಮ್ಮವರಿಗೆ ಅಂಟಿದ್ದು ಗ್ರೌಂಡ್‌ಹಾಪಿಂಗ್. ಅಂದರೆ ಊರೂರು ತಿರುಗಿ ಫುಟ್‌ಬಾಲ್ ಮೈದಾನ ನೋಡುವುದು. ಜನ ಜ್ಯೋತಿರ್ಲಿಂಗಗಳನ್ನು ಒಂದೊಂದಾಗಿ ಮುಗಿಸುವ ಹಾಗೆ ಇವರು ಗೋಲ್‌ಪೋಸ್ಟ್ ಮುಗಿಸುತ್ತಾ ಹೋಗುತ್ತಾರೆ. ಯಾವ ತಂಡ ಗೆದ್ದರೂ ಚಿಂತೆಯಿಲ್ಲ. ಮೈದಾನ ಹೊಸದಾಗಿರಬೇಕು, ಅಷ್ಟೇ.

ಇಂಗ್ಲೆಂಡ್, ಜರ್ಮನಿ ಕಡೆ ಈ ಹುಚ್ಚಿನವರು ಬೇಕಾದಷ್ಟು ಜನ ಇದ್ದಾರಂತೆ. ಅವರ ನಿಯಮಗಳ ಮುಂದೆ ನಮ್ಮಜ್ಜಿಯ ಮಡಿ ಏನೂ ಅಲ್ಲ. ಪಂದ್ಯ ಪೂರ್ತಿ ನೋಡಿದರೆ ಮಾತ್ರ ಮೈದಾನ ಲೆಕ್ಕಕ್ಕೆ ಅನ್ನುವವರು ಕೆಲವರು. ಒಂದು ಗೋಲಾದರೂ ಕಣ್ಣಾರೆ ಕಾಣಬೇಕು, 0–0 ಆದರೆ ಮತ್ತೆ ಬರಬೇಕು ಅನ್ನುವವರು ಇನ್ನು ಕೆಲವರು. ನಮ್ಮವರು ಎರಡನ್ನೂ ಹಿಡಿದರು. ಒಲೆ ಮೇಲಿನ ಹಾಲು ಉಕ್ಕುವ ತನಕ ನಿಲ್ಲು ಅಂದರೆ ನಿಲ್ಲದ ಮನುಷ್ಯ, ಗುರುತು ಪರಿಚಯ ಇಲ್ಲದವರು ಚೆಂಡು ಒದೆಯುವುದನ್ನು ತೊಂಬತ್ತು ನಿಮಿಷ ಕದಲದೆ ನೋಡುತ್ತಾರೆ.

"ಭೂತಾನ್‌ಗೆ ಹೋಗೋಣ್ವಾ?" ಅಂತ ಕೇಳಿದಾಗ ನಾನು ಬೆಟ್ಟದ ಗೋಡೆಗೆ ಅಂಟಿಕೊಂಡಿರುವ ಆ ತಕ್ತ್‌ಸಾಂಗ್ ಮಠವನ್ನು ನೆನೆದು ಹೂಂ ಅಂದೆ. ಅವರ ಮನಸ್ಸಿನಲ್ಲಿದ್ದದ್ದು ಚಾಂಗ್ಲಿಮಿತಾಂಗ್. ರಾಜಧಾನಿ ಥಿಂಫುವಿನ ಸ್ಟೇಡಿಯಂ. ಸಮುದ್ರಮಟ್ಟದಿಂದ ಸುಮಾರು 2,300 ಮೀಟರ್ ಎತ್ತರದಲ್ಲಿದೆ. ನಮ್ಮ ಕರ್ನಾಟಕದಲ್ಲಿ ಎಲ್ಲಕ್ಕಿಂತ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್. ಅದರ ತುದಿಯಲ್ಲಿ ಫೋಟೋ ತೆಗೆಸಿಕೊಳ್ಳುವಷ್ಟರಲ್ಲೇ ನಮಗೆ ಏದುಸಿರು. ಇವರು ಅದಕ್ಕಿಂತ ಮೇಲೆ ಓಡಾಡಿ ಫುಟ್‌ಬಾಲ್ ಆಡುತ್ತಾರೆ.

ಆ ಮೈದಾನಕ್ಕೆ ಒಂದು ಇತಿಹಾಸ ಇದೆ ಅಂತ ದಾರಿಯುದ್ದಕ್ಕೂ ಪಾಠ ಆಯಿತು. 2002ರ ಜೂನ್ 30ರಂದು ಜಪಾನಿನಲ್ಲಿ ಬ್ರೆಜಿಲ್ ಮತ್ತು ಜರ್ಮನಿ ವಿಶ್ವಕಪ್ ಫೈನಲ್ ಆಡಿದ ದಿನವೇ ಇಲ್ಲಿ ಇನ್ನೊಂದು ಪಂದ್ಯ ನಡೆಯಿತು. ಫಿಫಾ ಪಟ್ಟಿಯಲ್ಲಿ ಕಟ್ಟಕಡೆಯ ಎರಡು ತಂಡಗಳು, ಭೂತಾನ್ ಮತ್ತು ಕೆರಿಬಿಯನ್ ದ್ವೀಪ ಮಾಂಟ್ಸೆರಾಟ್. ಭೂತಾನ್ 4–0 ಗೆದ್ದಿತು. ಕೊನೆಯ ಬೆಂಚಿನವರಿಗೂ ಒಂದು ಫೈನಲ್ ಇಡಬೇಕು ಅಂತ ಹೊಳೆದವರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ. ನಮ್ಮ ಶಾಲೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ನಮ್ಮ ಬೆಂಗಳೂರು ಎಫ್‌ಸಿ ಕೂಡ 2018ರ ಜನವರಿಯಲ್ಲಿ ಏಷ್ಯಾದ ಕ್ಲಬ್ಬುಗಳ ಟೂರ್ನಿ ಎಎಫ್‌ಸಿ ಕಪ್‌ಗಾಗಿ ಇಲ್ಲಿಗೆ ಬಂದು ಟ್ರಾನ್ಸ್‌ಪೋರ್ಟ್ ಯುನೈಟೆಡ್ ಎಂಬ ತಂಡದ ಜೊತೆ 0–0 ಮಾಡಿಕೊಂಡು ಹೋಗಿತ್ತು. ಬೆಂಗಳೂರಿಗೆ ವಾಪಸ್ ಬಂದ ಮೇಲೆ 3–0 ಹೊಡೆದರು. ನಮ್ಮವರ ಆಫೀಸಿನ ಒಬ್ಬರು ಆ ಥಿಂಫು ಪಂದ್ಯಕ್ಕೆ ಹೋಗಿದ್ದರಂತೆ. "ಗೋಲ್ ನೋಡಿಲ್ಲ, ಹಾಗಾಗಿ ಲೆಕ್ಕಕ್ಕಿಲ್ಲ" ಅಂತ ಇವರು ಅವರನ್ನು ಎಷ್ಟು ಕಾಡಿದ್ದಾರೆ ಅಂದರೆ, ಆ ಮನುಷ್ಯ ಈಗ ಲಿಫ್ಟಿನಲ್ಲಿ ಇವರಿದ್ದರೆ ಮೆಟ್ಟಿಲು ಹತ್ತುತ್ತಾರೆ.

ಬಾಗ್ಡೋಗ್ರಾದಲ್ಲಿ ಇಳಿದು, ಗಡಿಯ ಫುಂಟ್‌ಶೋಲಿಂಗ್‌ನಲ್ಲಿ ವೋಟರ್ ಐಡಿ ತೋರಿಸಿ, ಅಲ್ಲಿಂದ ತಿರುವುಗಳಲ್ಲಿ ಹೊಟ್ಟೆ ತೊಳೆಸಿಕೊಂಡು ಥಿಂಫು ಸೇರಿದ್ದಾಯಿತು. ಮಾರನೇ ದಿನ ನಾಲ್ಕು ಗಂಟೆಗೆ ಲೀಗ್ ಪಂದ್ಯ. ಗೈಡ್ ಹುಡುಗನಿಗೆ ರಜೆ ಕೊಟ್ಟು, ನೀಲಿ ಬಿಎಫ್‌ಸಿ ಜೆರ್ಸಿ ತೊಟ್ಟು, ಹೋಟೆಲಿನಿಂದ ನಡೆದುಕೊಂಡೇ ಹೊರಟೆವು. ಸರಿಯಾಗಿ ನಾಲ್ಕಕ್ಕೆ ಗೇಟಿನಲ್ಲಿದ್ದೆವು. ಒಳಗೆ ಆಟ ಶುರುವಾಗಿ ಅರ್ಧ ಗಂಟೆಯಾಗಿತ್ತು.

ಭೂತಾನಿನ ಗಡಿಯಾರ ನಮ್ಮದಕ್ಕಿಂತ ಅರ್ಧ ಗಂಟೆ ಮುಂದೆ. ಫೋನ್ ಆನ್ ಇದ್ದಿದ್ದರೆ ತಾನೇ ಸರಿಮಾಡಿಕೊಳ್ಳುತ್ತಿತ್ತು. ರೋಮಿಂಗ್ ದುಡ್ಡು ಉಳಿಸಲು ಅದನ್ನು ಆಫ್ ಮಾಡಿ ಇಟ್ಟವರು ಇವರೇ. ಆದರೂ ಬೈಗುಳ ಬಿದ್ದದ್ದು ಮದುವೆಯಲ್ಲಿ ನಮ್ಮಪ್ಪ ಕೊಟ್ಟ ವಾಚಿಗೆ. ಬೆಂಗಳೂರಿನಲ್ಲಾದರೆ ಸಿಗ್ನಲ್ ಮೇಲೆ ಹಾಕಬಹುದಿತ್ತು. ಥಿಂಫುವಿನಲ್ಲಿ ಟ್ರಾಫಿಕ್ ಸಿಗ್ನಲ್ಲೇ ಇಲ್ಲ. ಚೌಕದ ಚಿತ್ತಾರದ ಮಂಟಪದಲ್ಲಿ ನಿಂತು ಬಿಳಿ ಗ್ಲೌಸ್ ಹಾಕಿದ ಪೊಲೀಸ್ ನೃತ್ಯದ ಹಾಗೆ ಕೈ ಆಡಿಸುತ್ತಾನೆ, ಗಾಡಿಗಳು ಹಾರ್ನ್ ಹೊಡೆಯದೆ ಹೋಗುತ್ತವೆ. ನೆಪ ಹೇಳಲು ಏನೂ ಇಲ್ಲದ ಊರು.

ಉಳಿದ ಆಟದಲ್ಲಿ ಗೋಲುಗಳೇನೋ ಆದವು. ಆದರೆ ಪಂದ್ಯ ಪೂರ್ತಿ ನೋಡಿಲ್ಲವಲ್ಲ! ಇವರು ಗೋಲಿಗೊಂದು ನಿಟ್ಟುಸಿರು ಬಿಟ್ಟರು. ನನಗೇನೋ ಚೆನ್ನಾಗಿತ್ತು. ಬಣ್ಣದ ಕುಸುರಿ ಇರುವ ಮರದ ಮಾಡು, ಅದರಡಿ ಘೋ ಎಂಬ ನಿಲುವಂಗಿ ತೊಟ್ಟ ಯಜಮಾನರು, ಹಿಂದೆ ಪೈನ್ ಮರಗಳ ಗುಡ್ಡ. ಮಠ ತೋರಿಸದಿದ್ದರೂ ಪರವಾಗಿಲ್ಲ ಅನ್ನಿಸುವಷ್ಟು.

ಮಾರನೇ ದಿನ ಅಲ್ಲೇ ಬೇರೆ ಪಂದ್ಯವಿತ್ತು. ಥಿಂಫುವಿನ ಬಹುಪಾಲು ಕ್ಲಬ್ಬುಗಳಿಗೆ ಇದೊಂದೇ ಮೈದಾನ. ಎಷ್ಟು ತಂಡ ನೋಡಿದರೂ ಪುಸ್ತಕದಲ್ಲಿ ಒಂದೇ ಗೆರೆ. ಗ್ರೌಂಡ್‌ಹಾಪರ್‌ಗಳಿಗೆ ಶುದ್ಧ ನಷ್ಟದ ವ್ಯಾಪಾರ. ಈ ಸಲ ಒಂದು ಗಂಟೆ ಮೊದಲೇ ಹೋಗಿ ಕೂತೆವು. ಜನ ಅಂದರೆ ನಮ್ಮೂರಿನ ಸೊಸೈಟಿ ಮೀಟಿಂಗಿಗೆ ಬರುವಷ್ಟು. ಅದರಲ್ಲಿ ನೀಲಿ ಜೆರ್ಸಿಯ ಪರದೇಶಿ ಒಬ್ಬನೇ. ಹಿಂದಿನ ಸಾಲಿನ ಹುಡುಗರು "ಬೆಂಗಳೂರು! ಚೆಂಚೊ!" ಅಂತ ಕೂಗಿದರು. ಭೂತಾನಿನ ದೊಡ್ಡ ತಾರೆ ಚೆಂಚೊ ಗೆಲ್ಟ್‌ಶೆನ್ ಒಂದಷ್ಟು ಕಾಲ ಬಿಎಫ್‌ಸಿಗೆ ಆಡಿದ್ದ. 2015ರ ಮಾರ್ಚ್‌ನಲ್ಲಿ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಇದೇ ಮೈದಾನದಲ್ಲಿ ಶ್ರೀಲಂಕಾವನ್ನು 2–1ರಿಂದ ಸೋಲಿಸಿದಾಗ ಎರಡೂ ಗೋಲು ಅವನದೇ. ಆಗ ಭೂತಾನ್ ಪಟ್ಟಿಯಲ್ಲಿ 209ನೆಯದು, ಎಂದರೆ ಕಟ್ಟಕಡೆ. ಚೆಂಚೊ ಹೆಸರು ಬಂದದ್ದೇ ತಡ, ಇವರು ಅವನ ಸೋದರಮಾವನ ಹಾಗೆ ಬೀಗಿದರು.

ಆಗಲೇ ಪಕ್ಕದ ಅಜ್ಜಿಯೊಬ್ಬರು ತಾವುಟ್ಟ ಕಿರಾದ, ಅಂದರೆ ಅಲ್ಲಿನ ಹೆಂಗಸರ ಉಡುಗೆಯ, ಮಡಿಲಿನಿಂದ ಪೊಟ್ಟಣ ತೆಗೆದು ನನಗೆ ದೋಮಾ ಕೊಟ್ಟರು. ವೀಳ್ಯದೆಲೆ, ಸುಣ್ಣ, ಅಡಿಕೆ. ನಾನು ಸಾಗರದ ಕಡೆ ಅಡಿಕೆ ತೋಟದ ಮನೆಯ ಮಗಳು. ಬೇಡ ಅನ್ನುವುದು ನಮ್ಮ ವಂಶದಲ್ಲೇ ಇಲ್ಲ. ವಾಸನೆ ಮೂಗಿಗೆ ಬಡಿಯಿತು. ನಮ್ಮಲ್ಲಿ ಭರಣಿಯಲ್ಲಿ ನೀರಡಿಕೆ ಇಡುತ್ತಾರಲ್ಲ, ಅದರ ಅಣ್ಣ. ಬಾಯಿಗೆ ಹಾಕಿ ಅಗಿದೆ. ಐದು ನಿಮಿಷಕ್ಕೆ ಕಿವಿ ಬಿಸಿಯಾಯಿತು. ಹಣೆಯಲ್ಲಿ ಬೆವರು. ಗುಡ್ಡ ಒಮ್ಮೆ ಎಡಕ್ಕೆ ವಾಲಿ ಮತ್ತೆ ನೆಟ್ಟಗಾಯಿತು. ಸೊಕ್ಕಿತ್ತು. ಅಡಿಕೆ ಸೊಕ್ಕಿ ಕೂತವಳು ಅಂತ ತವರಿಗೆ ಗೊತ್ತಾದರೆ ಮುಖ ತೋರಿಸುವ ಹಾಗಿಲ್ಲ.

"ರೀ, ತಲೆ ತಿರುಗ್ತಿದೆ" ಅಂದೆ. ಇವರು ಕಣ್ಣು ಮೈದಾನದಲ್ಲೇ ಇಟ್ಟು ಕೈಯಿಂದ ಗಾಳಿ ಬೀಸತೊಡಗಿದರು. ಅಷ್ಟರಲ್ಲಿ ಜೋರು ಕೂಗು. ಎದ್ದು ನಿಂತರೆ ಗೋಲ್ ಇಲ್ಲ. ಸ್ಟೇಡಿಯಂನ ಪಕ್ಕದಲ್ಲೇ ಬಿಲ್ಲುಗಾರಿಕೆಯ ಅಂಗಳ. ಅದು ಅವರ ರಾಷ್ಟ್ರೀಯ ಆಟ. ಗುರಿ ಸುಮಾರು 145 ಮೀಟರ್ ದೂರದಲ್ಲಿರುತ್ತದೆ. ಬಾಣ ತಾಗಿದರೆ ತಂಡದವರೆಲ್ಲ ಸಾಲಾಗಿ ನಿಂತು ಹಾಡಿ ಕುಣಿಯುತ್ತಾರೆ. ಕೂಗಿದ್ದು ಅವರು. ಹೀಗೆ ಮತ್ತೆ ಮತ್ತೆ ಆಯಿತು. ಪ್ರತಿ ಸಲ ಇವರು ಬೆಚ್ಚಿ ನಿಲ್ಲುವುದು, ಕೂರುವುದು.

ಕೊನೆಗೆ ನಾನು ಪೂರ್ತಿ ವಾಲಿಬಿಟ್ಟೆ. ಅಜ್ಜಿ ಬೆನ್ನು ತಟ್ಟಿದರು, ಹುಡುಗರು ನೀರು ತಂದರು. ಇವರು ಮೈದಾನಕ್ಕೆ ಬೆನ್ನು ಹಾಕಿ, ಮದುವೆಯಾದ ಮೇಲೆ ಮೊದಲ ಸಲವೋ ಏನೋ, ಎರಡೂ ಕೈಯಿಂದ ನನಗೆ ಗಾಳಿ ಹಾಕಿದರು. ಮತ್ತೆ ಕೂಗು ಎದ್ದಿತು. "ಅದು ಆ ಬಾಣದವರದ್ದು ಬಿಡು" ಅಂದರು. ಅದು ಬಾಣದವರದ್ದಲ್ಲ. ಪಂದ್ಯ 1–0ಗೆ ಮುಗಿಯಿತು.

ನಾನು ನೋಡಿದೆ ಆ ಗೋಲನ್ನು. ಇವರ ಕಂಕುಳ ಸಂದಿಯಿಂದ. ಹೇಳಲು ಹೋಗಲಿಲ್ಲ.

ಚಾಂಗ್ಲಿಮಿತಾಂಗ್‌ನಿಂದ ಆ ವಾರ ಬೇರೆ ಭಾಗ್ಯ ಇಲ್ಲ ಅಂತಾದಾಗ ಪುನಾಖಾ ಪ್ರಸ್ತಾಪ ಬಂತು. ಅಲ್ಲಿನ ಶಾಲೆಯ ತಂಡ ಉಗ್ಯೆನ್ ಅಕಾಡೆಮಿ 2013ರಲ್ಲಿ ದೇಶದ ಲೀಗನ್ನೇ ಗೆದ್ದಿತ್ತು. ಪಿಯುಸಿ ವಯಸ್ಸಿನ ಹುಡುಗರು ದೊಡ್ಡವರನ್ನೆಲ್ಲ ಸೋಲಿಸಿದ ಊರಿನಲ್ಲಿ ಒಂದು ಪಂದ್ಯ ನೋಡಲೇಬೇಕಂತೆ. ಸುಮಾರು 3,100 ಮೀಟರ್ ಎತ್ತರದ ದೋಚುಲಾ ಘಾಟಿ ಹತ್ತಿ ಇಳಿಯಬೇಕು. ಅಲ್ಲಿ 108 ಸ್ತೂಪಗಳಿವೆ ಅಂತ ಗೈಡ್ ಹೇಳಿದ. ಮಂಜಿನಲ್ಲಿ ನಮಗೆ ಕಂಡದ್ದು ಮುಂದಿನ ಸಾಲು ಮಾತ್ರ. ಉಳಿದದ್ದನ್ನು ನಂಬಿದೆವು.

ಇಳಿದ ಮೇಲೆ ಚಿಮಿ ಲಾಖಾಂಗ್ ಎಂಬ ದೇಗುಲದ ಸುತ್ತಲಿನ ಹಳ್ಳಿ. ಅಲ್ಲಿನ ಮನೆಗಳ ಗೋಡೆ ಮೇಲೆ, ಏನು ಹೇಳುವುದು, ಗಂಡಸಿನ ಅಂಗದ ಚಿತ್ರಗಳು. ಆಳೆತ್ತರ, ರಿಬ್ಬನ್ ಕಟ್ಟಿದ್ದು. ದೃಷ್ಟಿ ತಾಗದಿರಲಿ ಅಂತ ಬರೆಸುತ್ತಾರೆ, ಡ್ರುಕ್ಪಾ ಕುನ್ಲೆ ಎಂಬ ಹುಚ್ಚು ಸಂತನ ಪರಂಪರೆ ಅದು. ನಮ್ಮಲ್ಲಿ ಬೂದುಗುಂಬಳ ಕಟ್ಟುತ್ತೇವೆ ಅಷ್ಟೇ. ಆ ಹಳ್ಳಿ ದಾಟುವ ತನಕ ಇವರು ಎದುರುಬದಿಯ ಗದ್ದೆಯ ಭತ್ತವನ್ನು ಕೃಷಿ ಇಲಾಖೆಯವರಂತೆ ಪರೀಕ್ಷಿಸಿದರು.

ಪುನಾಖಾ ಮೈದಾನ ತಲುಪಿದರೆ ಗೋಲ್‌ಪೋಸ್ಟಿನ ಹತ್ತಿರ ಒಂದು ನಾಯಿ ಮಲಗಿತ್ತು. ಪಂದ್ಯವನ್ನು ಥಿಂಫುಗೆ ಬದಲಾಯಿಸಿದ್ದಾರಂತೆ. ನಮ್ಮ ಹೋಟೆಲಿನಿಂದ ನಡೆದು ಹೋಗುವ ದೂರದಲ್ಲಿ, ಅದೇ ಚಾಂಗ್ಲಿಮಿತಾಂಗ್‌ನಲ್ಲಿ, ಆ ಹೊತ್ತಿಗೆ ಆಟ ಶುರುವಾಗಿರಬೇಕು. ಇವರು ಕಟ್ಟೆ ಮೇಲೆ ಕೂತುಬಿಟ್ಟರು. ನನಗೂ ಪಾಪ ಅನ್ನಿಸಿತು. ಬುತ್ತಿ ಬಿಚ್ಚಿದೆ. ಅದರಲ್ಲಿ ಹೋಟೆಲಿನವರು ಕಟ್ಟಿಕೊಟ್ಟ ಎಮಾ ದಾತ್ಶಿ, ಮೆಣಸಿನಕಾಯಿಯನ್ನೇ ತರಕಾರಿ ಮಾಡಿ ಚೀಸ್ ಹಾಕಿ ಬೇಯಿಸಿದ್ದು. ಕಣ್ಣೀರಿಗೆ ಬೇರೆ ಕಾರಣವೂ ಸಿಕ್ಕಿತು.

ಅಷ್ಟರಲ್ಲಿ ಹುಡುಗರ ದಂಡು ಚೆಂಡು ಹಿಡಿದು ಬಂತು. ಎರಡು ಪಾರ್ಟಿ ಮಾಡಿದರೆ ಒಂದು ಕಡೆ ಒಬ್ಬ ಕಮ್ಮಿ. ಗೈಡ್ ಇವರ ಕಡೆ ಕೈ ತೋರಿಸಿದ. ಹೊಟ್ಟೆ ಮೇಲೆ ಬಿಗಿದ ನೀಲಿ ಜೆರ್ಸಿ ನೋಡಿ ಹುಡುಗರು ನೇರ ಗೋಲ್‌ಕೀಪರ್ ಜಾಗಕ್ಕೆ ನಿಲ್ಲಿಸಿದರು. ನಾಯಿ ಎದ್ದು ಜಾಗ ಬಿಟ್ಟಿತು.

ಮೊದಲನೆಯದು ಕಾಲ ಸಂದಿಯಿಂದ ಹೋಯಿತು. ಎರಡನೆಯದಕ್ಕೆ ಹಾರಿದರು, ಚೆಂಡು ಹೋದದ್ದು ಇನ್ನೊಂದು ಕಡೆ. ಆಮೇಲೆ ನಾನು ಎಣಿಸುವುದನ್ನು ಬಿಟ್ಟೆ. ಕತ್ತಲಾಗುವ ತನಕ ಇವರು ಒಂದು ನಿಮಿಷವೂ ಬಿಡದೆ ಆಡಿದರು. ಶುರುವಿನಿಂದ ಕೊನೆಯವರೆಗೆ ಪಂದ್ಯ ಆಯಿತು, ಗೋಲುಗಳಂತೂ ಇವರಷ್ಟು ಹತ್ತಿರದಿಂದ ನೋಡಿದವರು ಯಾರೂ ಇಲ್ಲ. ಯಾವ ನಿಯಮದ ಪ್ರಕಾರ ನೋಡಿದರೂ ಮೈದಾನ ಲೆಕ್ಕಕ್ಕೆ ಬಂತು ಅಂತ ಮಂಡಿಯ ಮಣ್ಣು ಕೊಡವುತ್ತಾ ವಾದಿಸಿದರು. ಇವರ ತಂಡದ ಹುಡುಗರು ಮಾತಾಡದೆ ಮನೆಗೆ ಹೋದರು. ಎದುರು ತಂಡದವರು ಮಾತ್ರ ಕಾರಿನ ತನಕ ಬಂದು ಕೈ ಕುಲುಕಿ, "ಅಂಕಲ್, ನಾಳೆನೂ ಬರ್ತೀರಾ?" ಅಂತ ಕೇಳಿದರು.